ಬೆಣ್ಣೆ ದೋಸೆಗೆ, ಮಜ್ಜಿಗೆ ಮೂಳೆಗೆ

ದಾವಣಗೆರೆಯವರಿಗೆ ಬೆಣ್ಣೆಯ ವಿಷಯದಲ್ಲಿ ಬುದ್ಧಿ ಹೇಳುವುದು ಕಷ್ಟದ ಕೆಲಸ. ಆದರೂ ಇಷ್ಟು ಹೇಳಲೇಬೇಕು: ಮೊಸರು ಕಡೆದಾಗ ಕೊಬ್ಬು ಬೆಣ್ಣೆಯಾಗಿ ಮೇಲೆ ತೇಲುತ್ತದೆ, ಕ್ಯಾಲ್ಸಿಯಂ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುತ್ತದೆ. ದೋಸೆಯ ಮೇಲೆ ಕರಗುವ ಬೆಣ್ಣೆ ನಾಲಿಗೆಯ ಪಾಲು. ಮೂಳೆಯ ಪಾಲು ಊಟದ ಕೊನೆಯ ಲೋಟದಲ್ಲಿದೆ.

ಮೊದಲು ತಟ್ಟೆಯ ಲೆಕ್ಕ

ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಹೆಂಗಸರಿಗೆ 1200. ಅನ್ನದಿಂದ ಇದು ತುಂಬುವುದಿಲ್ಲ. ಜೋಳದ ರೊಟ್ಟಿಯ ಮೇಲೆ ನನಗೂ ಅಭಿಮಾನವಿದೆ, ಆದರೆ 100 ಗ್ರಾಂ ಜೋಳದಲ್ಲಿ ಸಿಗುವುದು 30 ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350.

ಹೀಗೆ ಜೋಡಿಸಿ: 100 ಗ್ರಾಂ ಹಿಟ್ಟಿನ ಮುದ್ದೆಯಿಂದ 350, ಒಂದು ದೊಡ್ಡ ಲೋಟ ಹಾಲಿನಿಂದ 240, ಒಂದು ಬಟ್ಟಲು ಗಟ್ಟಿ ಮೊಸರಿನಿಂದ ಇನ್ನೂರಕ್ಕೂ ಹೆಚ್ಚು. ನುಗ್ಗೆ ಸೊಪ್ಪಿನ ಪಲ್ಯ, ರೊಟ್ಟಿಯ ಜೊತೆ ಒಂದು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿ ಸೇರಿದರೆ ಸಾವಿರದ ಹತ್ತಿರ ಬಂದೀತು. ಎಳ್ಳಿನ ಸಿಪ್ಪೆ ತೆಗೆಯಬೇಡಿ. ಕ್ಯಾಲ್ಸಿಯಂ ಹೆಚ್ಚಿರುವುದು ಅದರಲ್ಲೇ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ ಬೀಸಿಸಿದರೆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಪಾಲಕ್ ತಿನ್ನಿ, ಆದರೆ ಈ ಲೆಕ್ಕಕ್ಕೆ ಹಿಡಿಯಬೇಡಿ: ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ. ಎಲೆ ಅಡಿಕೆಯ ಸುಣ್ಣವನ್ನು ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ. ಬೇಡ, ಅಡಿಕೆ ಬಾಯಿಯ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ.

ಬೇಳೆ, ಹುರುಳಿ, ಮೊಟ್ಟೆಯ ಪ್ರೋಟೀನ್ ಇಲ್ಲದೆ ಮೂಳೆಗೆ ಹಂದರವೇ ಇಲ್ಲ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಹೋಗುತ್ತದೆ. ಸಂಜೆಯ ಖಾರ ಮಂಡಕ್ಕಿ, ಮಿರ್ಚಿಯನ್ನು ಬಿಡಿ ಎನ್ನುವ ಧೈರ್ಯ ನನಗಿಲ್ಲ. ದಿನಾ ಬೇಡ ಎನ್ನಬಲ್ಲೆ.

ಆಮೇಲೆ ಬಿಸಿಲು

ತಿಂದ ಕ್ಯಾಲ್ಸಿಯಂ ಒಳಗೆ ಹೋಗಲು ವಿಟಮಿನ್ ಡಿ ಬೇಕು. ಬೆಳಕು ಹರಿಯುವ ಹೊತ್ತಿಗೆ ಕುಂದವಾಡ ಕೆರೆಯನ್ನು ಸುತ್ತಿ ಮನೆಗೆ ಮರಳುವವರಿಗೆ ವ್ಯಾಯಾಮ ಆಗುತ್ತದೆ, ವಿಟಮಿನ್ ಡಿ ಮಾತ್ರ ಅಷ್ಟಾಗಿ ಸಿಗುವುದಿಲ್ಲ. ಅದನ್ನು ಹುಟ್ಟಿಸುವ ಕಿರಣ ಎಳೆಬಿಸಿಲಿನಲ್ಲಿ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಹೊತ್ತು ಸರಿಯಾದ ಹೊತ್ತು. ತೋಳು, ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಚರ್ಮ ಉರಿಯುವ ತನಕ ಕಾಯಬೇಡಿ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಉಪಯೋಗವಿಲ್ಲ.

ಮೂಳೆಗೆ ಭಾರ ಕೊಡಿ

ಭಾರ ಬಿದ್ದಲ್ಲಿ ಮೂಳೆ ಗಟ್ಟಿಯಾಗುತ್ತದೆ, ಬೀಳದಲ್ಲಿ ಸವೆಯುತ್ತದೆ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯದು; ಮೂಳೆಗೆ ಅಷ್ಟು ಸಾಲದು. ಸಮತಟ್ಟು ರಸ್ತೆಯ ನಡಿಗೆಗಿಂತ ಏರು ಹತ್ತುವುದು ಮೇಲು. ಚಿತ್ರದುರ್ಗದವರಿಗೆ ಕೋಟೆಯೇ ಇದೆ, ಮೆಟ್ಟಿಲುಗಳಿಗೆ ಬರವಿಲ್ಲ. ಒನಕೆ ಓಬವ್ವನ ಊರಿನಲ್ಲೂ ಈಗ ಒನಕೆ ಮೂಲೆ ಸೇರಿದೆ. ಅದರೊಂದಿಗೆ ತೋಳು, ಬೆನ್ನಿಗೆ ಸಿಗುತ್ತಿದ್ದ ಕೆಲಸವೂ ಹೋಯಿತು.

ಮನೆಯಲ್ಲೇ ಶುರು ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಗೋಡೆಗೆ ಕೈಯಿಟ್ಟು ಹತ್ತು ಸಲ ಮುಂದೆ ಬಾಗಿ, ಹಿಂದಕ್ಕೆ ತಳ್ಳಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. ಒಂದು ಲೀಟರಿನ ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಭುಜದ ಮೇಲೆತ್ತಿ. ವಾರಕ್ಕೆ ಎರಡು ಮೂರು ದಿನ ಸಾಕು. ಸುಲಭವೆನಿಸಿದಾಗ ಭಾರ ಹೆಚ್ಚಿಸಿ, ಇಲ್ಲದಿದ್ದರೆ ಮೂಳೆ ಅಷ್ಟಕ್ಕೇ ಒಗ್ಗಿಕೊಳ್ಳುತ್ತದೆ. ಹಲ್ಲುಜ್ಜುವಾಗ ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದನ್ನೂ ರೂಢಿ ಮಾಡಿಕೊಳ್ಳಿ, ಬೀಳುವ ಭಯ ಕಡಿಮೆಯಾಗುತ್ತದೆ. ಬೆನ್ನುಮೂಳೆ ಈಗಾಗಲೇ ಸವೆದಿದ್ದರೆ ಪಶ್ಚಿಮೋತ್ತಾನಾಸನದಂತೆ ಪೂರ್ತಿ ಮುಂದಕ್ಕೆ ಬಾಗುವ ಆಸನಗಳು ಬೇಡ, ಬೆನ್ನುಮೂಳೆಯ ಮಣಿ (ಕಶೇರು) ಕುಸಿಯಬಹುದು.

ಕುಡಿಯುವ ನೀರನ್ನೂ ನೋಡಿ

ಬೇರೆ ಊರಿನ ಲೇಖನಕ್ಕೆ ಇದು ಬೇಕಾಗದಿರಬಹುದು, ನಮಗೆ ಬೇಕು. ಚಿತ್ರದುರ್ಗ ಜಿಲ್ಲೆಯ ಹಲವೆಡೆ, ಜಗಳೂರು ಕಡೆಯಲ್ಲೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನೇ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಮೂಳೆ ದಪ್ಪಗಾದರೂ ಪೆಡಸಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದವರಿಗೆ ಪೆಟ್ಟು ಇನ್ನೂ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಗೆರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ನೀರನ್ನು ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದಿಂದಲೇ ತನ್ನಿ.

ಯಾವಾಗ ವೈದ್ಯರ ಬಳಿಗೆ?

ಎತ್ತರ ಕುಗ್ಗಿದ್ದರೆ, ಸಣ್ಣ ಎಡವಿಗೆ ಮಣಿಕಟ್ಟು ಮುರಿದಿದ್ದರೆ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ, ಮುಟ್ಟು ಬೇಗ ನಿಂತಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ. ಅದರಲ್ಲಿ ಸಾಂದ್ರತೆಗೆ ಸಿಗುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಆಗ ಮುದ್ದೆ ಮಜ್ಜಿಗೆಯ ಜೊತೆ ಔಷಧವೂ ಬೇಕಾದೀತು. ಕ್ಯಾಲ್ಸಿಯಂ ಮಾತ್ರೆಯನ್ನು ಅಂಗಡಿಯವರ ಮಾತಿಗೆ ನುಂಗಬೇಡಿ, ಮೂತ್ರಪಿಂಡದಲ್ಲಿ ಕಲ್ಲು ಇದ್ದವರಂತೂ ಮೊದಲೇ ಹೇಳಿ.

ವೈದ್ಯರನ್ನು ಕಾಣುವ ತನಕ ಬಚ್ಚಲುಮನೆಯ ಪಾಚಿ ತಿಕ್ಕಿಸಿ, ಒರಟು ಚಾಪೆ ಹಾಕಿಸಿ, ರಾತ್ರಿ ಅಲ್ಲೊಂದು ದೀಪ ಉರಿಯುತ್ತಿರಲಿ.