ಸ್ಪರ್ಧೆಗೆ ಮರಿನಾಯಿ: ಮೊದಲ ಪಾಠ ಮೂಗಿಗೆ

ಮೂಡಿಗೆರೆ ಕಡೆಯ ನಮ್ಮ ತೋಟಕ್ಕೆ ಬರುವವರು ನಮ್ಮ ಜರ್ಮನ್ ಶೆಫರ್ಡ್ ಮಿಂಚುವನ್ನು ನೋಡಿ ಕೇಳುವ ಪ್ರಶ್ನೆ ಒಂದೇ. ‘ನಾವೂ ಒಂದು ಮರಿ ತಂದಿದ್ದೇವೆ, ಪೊಲೀಸ್ ನಾಯಿ ಥರ ಕಚ್ಚೋದು ಹೇಗೆ ಕಲಿಸೋದು?’ ಕಚ್ಚುವ ಪಾಠ ಕೊನೆಗೆ ಇರಲಿ. ಮೂಗಿನಿಂದ ಶುರು ಮಾಡಿ.

ಕೆಲಸದ ನಾಯಿಗಳ ಸ್ಪರ್ಧೆಗಳಲ್ಲಿ ಹೆಚ್ಚು ಹೆಸರಾದದ್ದು ಐಜಿಪಿ. ಜರ್ಮನಿಯಲ್ಲಿ ಹುಟ್ಟಿದ ಈ ಪರೀಕ್ಷೆಗೆ ಮೊದಲು ಶುಟ್ಸ್‌ಹುಂಡ್ ಎಂಬ ಹೆಸರಿತ್ತು. 2019ರಿಂದ ಐಜಿಪಿ ಎನ್ನುತ್ತಾರೆ. ಇದರಲ್ಲಿ ಮೂರು ಭಾಗ: ಜಾಡು ಹಿಡಿಯುವುದು, ಹೇಳಿದ ಮಾತು ಕೇಳುವುದು, ರಕ್ಷಣೆ. ಒಂದೊಂದಕ್ಕೂ 100 ಅಂಕ. ಮೊದಲ ಹಂತಕ್ಕೆ ನಿಲ್ಲಲು ನಾಯಿಗೆ ಒಂದೂವರೆ ವರ್ಷ ತುಂಬಿರಬೇಕು. ಅಲ್ಲಿಯವರೆಗೆ ನಿಮಗೆ ಬೇಕಾದಷ್ಟು ಸಮಯ ಇದೆ. ಆತುರ ಬೇಡ.

ಮನೆಗೆ ಬಂದ ಮೇಲೆ

ಎಂಟು ವಾರ ತುಂಬಿದ ಮೇಲೆ ಮರಿಯನ್ನು ತನ್ನಿ. ಮರಿಗೆ ಹದಿನಾಲ್ಕು ವಾರ ಆಗುವವರೆಗೆ ಕಂಡದ್ದು, ಕೇಳಿದ್ದು ಅದರ ಮನಸ್ಸಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಕಳೆ ಕತ್ತರಿಸುವ ಮೆಷಿನ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು, ಟಾರ್ಪಾಲು, ತಗಡಿನ ಮೇಲೆ ಬೀಳುವ ಮಳೆ, ಜೀಪು, ಕೊಡೆ ಎಲ್ಲವನ್ನೂ ದೂರದಿಂದ ತೋರಿಸಿ. ಹೆದರಿದರೆ ಎಳೆದುಕೊಂಡು ಹತ್ತಿರ ಹೋಗಬೇಡಿ. ಅದೇ ಮುಂದೆ ಬರಲಿ. ಲಸಿಕೆ ಪೂರ್ತಿ ಆಗುವವರೆಗೆ ಬೀದಿ, ಸಂತೆಗಳಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ಓಡಾಡಿ. ಪಾರ್ವೊ ಮರಿಗಳನ್ನು ಎರಡು ಮೂರು ದಿನದಲ್ಲೇ ಕೊಂಡೊಯ್ಯುವ ಕಾಯಿಲೆ.

ಇದೇ ಹೊತ್ತಲ್ಲಿ ಒಂದು ಮಾತು ಕಲಿಸಿ. ನಾವು ‘ಎಸ್’ ಎನ್ನುತ್ತೇವೆ. ಮರಿ ಸರಿ ಮಾಡಿದ ಕ್ಷಣವೇ ಎಸ್, ಹಿಂದೆಯೇ ತಿಂಡಿ. ಬೇಯಿಸಿದ ಕೋಳಿ ಲಿವರ್ ಅನ್ನು ಕಡಲೆಕಾಳಿನಷ್ಟು ಚೂರು ಮಾಡಿದರೆ ಸಾಕು. ಕೂರು, ಮಲಗು, ಬಾ, ಬಿಡು ಎಲ್ಲ ಕನ್ನಡದಲ್ಲೇ ಇರಲಿ. ಮನೆಯವರೆಲ್ಲರೂ ಅದೇ ಮಾತು ಬಳಸಬೇಕು, ಅಷ್ಟೇ. ದಿನಕ್ಕೆ ಮೂರು ಸಲ, ಒಂದೊಂದು ಸಲ ಎರಡು ನಿಮಿಷ.

ಜಾಡು

ನಾವು ಹುಲ್ಲಿನ ಮೇಲೆ ಕಾಲಿಟ್ಟಾಗ ಹುಲ್ಲು ಜಜ್ಜುತ್ತದೆ, ಮಣ್ಣು ಅಲುಗುತ್ತದೆ, ನಮ್ಮ ಮೈವಾಸನೆಯೂ ಅಲ್ಲಿ ಉಳಿಯುತ್ತದೆ. ಸುತ್ತಲಿನ ತುಳಿಯದ ನೆಲಕ್ಕೂ ಆ ಹೆಜ್ಜೆಗೂ ವಾಸನೆ ಬೇರೆ. ಸ್ಪರ್ಧೆಯ ನಾಯಿ ಆ ಹೆಜ್ಜೆಗಳನ್ನು ಒಂದೊಂದಾಗಿ, ಮೂಗು ನೆಲಕ್ಕಿಟ್ಟು, ನಿಧಾನವಾಗಿ ಮೂಸಿಕೊಂಡು ಹೋಗಬೇಕು. ತಲೆ ಎತ್ತಿ ಗಾಳಿಯಲ್ಲಿ ವಾಸನೆ ಹಿಡಿದು ಓಡುವುದು ಬೇರೆ ವಿದ್ಯೆ.

ಜಾಗ ಆರಿಸುವುದು ಅರ್ಧ ಕೆಲಸ. ಕಾಫಿ ತೋಟದೊಳಗೆ ಶುರು ಮಾಡಬೇಡಿ. ತರಗೆಲೆ ದಪ್ಪ, ಆಳುಗಳು ಓಡಾಡಿರುತ್ತಾರೆ, ರಾತ್ರಿ ಕಾಡುಹಂದಿ ಬಂದು ಹೋಗಿರುತ್ತದೆ. ಮರಿಗೆ ತಲೆ ಕೆಡುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗ ಗಿಡ್ಡ ಹುಲ್ಲಿನ ಜಾಗ ಒಳ್ಳೆಯದು. ಕೊಯ್ಲು ಮುಗಿದ ಗದ್ದೆಯ ತೇವ ಮಣ್ಣು ಇನ್ನೂ ಒಳ್ಳೆಯದು.

ಮೊದಲ ನಾಲ್ಕು ದಿನ ನಡೆಯುವುದೇ ಬೇಡ. ಒಂದು ಮೀಟರ್ ಉದ್ದಗಲದ ಜಾಗವನ್ನು ಕಾಲಲ್ಲಿ ಚೆನ್ನಾಗಿ ತುಳಿಯಿರಿ. ಅದರೊಳಗೆ ಮಾತ್ರ ಲಿವರ್ ಚೂರು ಚೆಲ್ಲಿ. ಮರಿ ಹುಡುಕಿ ತಿನ್ನಲಿ. ತುಳಿದ ಜಾಗದಲ್ಲಿ ಊಟ, ಹೊರಗೆ ಏನೂ ಇಲ್ಲ ಎಂದು ಅದಕ್ಕೇ ಗೊತ್ತಾಗುತ್ತದೆ.

ಆಮೇಲೆ ನೇರ ಜಾಡು. ಶುರುವಲ್ಲಿ ಒಂದು ಕೋಲು ನೆಡಿ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿರಲಿ. ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು ಹದಿನೈದು ಹೆಜ್ಜೆ ನಡೆದು, ಪ್ರತಿ ಹೆಜ್ಜೆಯಲ್ಲೂ ಒಂದು ಚೂರು ಇಡಿ. ಕೊನೆಯಲ್ಲಿ ಒಂದು ಹಿಡಿ. ವಾಪಸ್ ಬರುವಾಗ ದೂರ ಸುತ್ತಿಕೊಂಡು ಬನ್ನಿ, ಜಾಡಿನ ಮೇಲೆ ಬರಬೇಡಿ. ಹಗ್ಗ ನೆಲಕ್ಕೆ ಹತ್ತಿರ, ಸಡಿಲವಾಗಿ ಇರಲಿ. ಬಾಯಿ ಮುಚ್ಚಿಕೊಂಡು ಹಿಂದೆ ಹೋಗಿ. ಶಹಬ್ಬಾಸ್ ಅನ್ನುವುದೂ ಬೇಡ, ಅನ್ನುತ್ತಲೇ ಮರಿ ತಲೆ ಎತ್ತಿ ನಿಮ್ಮನ್ನು ನೋಡುತ್ತದೆ.

ಈ ಪಾಠ ನಾನು ಕೆಟ್ಟ ರೀತಿಯಲ್ಲಿ ಕಲಿತೆ. ಮಿಂಚು ತಲೆ ಎತ್ತಿದಾಗಲೆಲ್ಲ ಹಗ್ಗ ಜಗ್ಗಿ ಎಂದು ಒಬ್ಬ ತರಬೇತುದಾರರು ಹೇಳಿದ್ದರು. ಜಗ್ಗಿದೆ. ಎರಡೇ ವಾರಕ್ಕೆ ಅವಳು ಮೂರು ಹೆಜ್ಜೆಗೊಮ್ಮೆ ನಿಂತು, ಕಿವಿ ಹಿಂದಕ್ಕೆ ಮಾಡಿ ನನ್ನ ಮುಖ ನೋಡಲು ಶುರು ಮಾಡಿದಳು. ಮತ್ತೆ ತುಳಿದ ಚೌಕಕ್ಕೇ ಹೋಗಿ ಒಂದು ತಿಂಗಳು ಕೂತೆವು. ತಲೆ ಎತ್ತಿದರೆ ಸುಮ್ನೆ ನಿಲ್ಲಿ. ಮೂಗು ಮತ್ತೆ ಕೆಳಗೆ ಹೋದಾಗ ನಡೆಯಿರಿ. ನಾಯಿಯನ್ನು ಎರಡು ದಿನ ಉಪವಾಸ ಹಾಕಿ ಎನ್ನುವವರ ಮಾತೂ ಬೇಡ. ಬೆಳಗಿನ ಊಟವನ್ನೇ ಜಾಡಿನಲ್ಲಿ ಕೊಡಿ, ಸಾಕು.

ಮರಿ ಸಲೀಸಾದ ಮೇಲೆ ಹೆಜ್ಜೆ ಜಾಸ್ತಿ ಮಾಡಿ, ಅಲ್ಲಲ್ಲಿ ಕೆಲವು ಹೆಜ್ಜೆಗೆ ಚೂರು ಇಡದೆ ಹೋಗಿ. ಆದರೆ ಲೆಕ್ಕ ಸಿಗಬಾರದು: ಎರಡು ಖಾಲಿ, ಒಂದು ತುಂಬಿದ್ದು, ಐದು ಖಾಲಿ, ಹೀಗೆ. ಜಾಡು ಹಾಕಿ ಐದು ನಿಮಿಷ ಕಾಯಿರಿ, ಮುಂದೆ ಹತ್ತು, ಇಪ್ಪತ್ತು. ಮೊದಲ ಹಂತದ ಪರೀಕ್ಷೆಯಲ್ಲಿ ಜಾಡು ಸುಮಾರು 300 ಹೆಜ್ಜೆ ಇರುತ್ತದೆ, 20 ನಿಮಿಷ ಹಳೆಯದಾಗಿರುತ್ತದೆ. ತಿರುವನ್ನು ಮೊದಲು ಕುಡುಗೋಲಿನ ಹಾಗೆ ಬಾಗಿಸಿ ಹಾಕಿ, ತಿರುವಿನ ಪ್ರತಿ ಹೆಜ್ಜೆಗೂ ಚೂರು ಇಡಿ. ಮೂಲೆ ಆಮೇಲೆ.

ಜಾಡಿನಲ್ಲಿ ಸಿಗುವ ಸಣ್ಣ ವಸ್ತುವನ್ನು ನಾಯಿ ತೋರಿಸಲೂ ಬೇಕು. ಅಂಗೈಯಷ್ಟುದ್ದದ ಚರ್ಮ, ಮರ ಅಥವಾ ಬಟ್ಟೆಯ ತುಂಡು. ಅದನ್ನು ಮನೆಯ ಜಗಲಿಯಲ್ಲೇ ಬೇರೆಯಾಗಿ ಕಲಿಸಿ: ತುಂಡು ಕಂಡರೆ ಮಲಗು, ಮಲಗಿದರೆ ತುಂಡಿನ ಮೇಲೆಯೇ ಲಿವರ್. ಗಟ್ಟಿಯಾದ ಮೇಲೆ ಜಾಡಿನ ಕೊನೆಯಲ್ಲಿ ಇಡಿ.

ಗೋಣಿಯ ಆಟ

ಹಳೆಯ ಗೋಣಿಚೀಲ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಅದರ ತುಂಡನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಇಲಿಯಂತೆ ಓಡಿಸಿ. ಮರಿ ಬಾಯಿ ತುಂಬ ಹಿಡಿದರೆ ಸ್ವಲ್ಪ ಎಳೆದಾಡಿ, ಅದಕ್ಕೇ ಗೆಲ್ಲಲು ಬಿಡಿ. ‘ಬಿಡು’ ಕಲಿಸಲು ಬಾಯಿ ಬಿಡಿಸಬೇಡಿ, ಇನ್ನೊಂದು ತುಂಡು ತೋರಿಸಿ ಅದಲು ಬದಲು ಮಾಡಿ. ನಾಲ್ಕರಿಂದ ಏಳು ತಿಂಗಳ ನಡುವೆ ಹಲ್ಲು ಬೀಳುತ್ತವೆ, ಒಸಡು ನೋಯುತ್ತದೆ. ಆಗ ಎಳೆದಾಟ ನಿಲ್ಲಿಸಿ.

ಕಚ್ಚುವ ಪಾಠಕ್ಕೆ ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಮುಂದಿನ ರಕ್ಷಣೆಯ ಪಾಠ ತೋಳುಕವಚ ತೊಟ್ಟ, ಕಲಿತ ಸಹಾಯಕರಿಲ್ಲದೆ ಆಗದು. ತೋಟಕ್ಕೆ ಬಂದ ಆಳುಗಳ ಮೇಲೆ, ದಾರಿಯಲ್ಲಿ ಹೋಗುವವರ ಮೇಲೆ ಛೂ ಬಿಟ್ಟು ‘ಧೈರ್ಯ’ ಕಲಿಸುವವರನ್ನು ನೋಡಿದ್ದೇನೆ. ಅದು ಆ ಮನುಷ್ಯರಿಗೂ ನಾಯಿಗೂ ಮಾಡುವ ಅನ್ಯಾಯ. ಸ್ಪರ್ಧೆಯಲ್ಲಿ ಬೇಕಾದದ್ದು ಹೇಳಿದಾಗ ಬಿಡುವ ನಾಯಿ.

ಜಿಗಿತವೂ ಆಮೇಲೆ. ಪರೀಕ್ಷೆಯಲ್ಲಿ ಜಿಗಿದು ದಾಟಬೇಕಾದ ಅಡ್ಡಗಟ್ಟೆ ಇದೆ ನಿಜ. ಆದರೆ ದೊಡ್ಡ ತಳಿಯ ಮೂಳೆಗಳ ತುದಿ ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ನೆಲದ ಮೇಲಿಟ್ಟ ಕೋಲು ದಾಟಿದರೆ ಸಾಕು.

ನಮ್ಮ ನೆಲದ ಎಚ್ಚರಗಳು

ಪಾಠ ಮುಗಿದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಹುಡುಕಿ. ಉಣುಗಿನ ಜ್ವರ ಬಂದ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ. ಒಂದು ದಿನವೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ಮಳೆಗಾಲದಲ್ಲಿ ಇಂಬಳ ಮೂಗಿನೊಳಗೇ ಹೋಗಬಹುದು. ಕಣದಲ್ಲಿ ಹರಡಿದ ಕಾಫಿ ಹಣ್ಣು, ಸಿಪ್ಪೆ ಸಿಹಿಯಾಗಿರುತ್ತವೆ, ಮರಿ ತಿನ್ನುತ್ತದೆ. ಕೆಫೀನ್ ನಾಯಿಗೆ ವಿಷ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಅದಕ್ಕಿಂತ ಭಯಂಕರ, ಅದು ಹಾಕಿದ ತೋಟಕ್ಕೆ ನಾಯಿ ಬಿಡಲೇಬೇಡಿ. ರಾತ್ರಿ ಮರಿಯನ್ನು ಹೊರಗೆ ಕಟ್ಟಬೇಡಿ. ಚಿರತೆಗೆ ಕಟ್ಟಿದ ನಾಯಿಗಿಂತ ಸುಲಭದ ಬೇಟೆ ಇಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆ ಜಾಡನ್ನು ತೊಳೆದುಬಿಡುತ್ತದೆ. ಆ ತಿಂಗಳಲ್ಲಿ ಗೋಡೌನಿನ ಸೂರಿನಡಿ ಕೂರು, ಮಲಗು, ಪಕ್ಕದಲ್ಲಿ ನಡೆಯುವುದು ಮಾಡಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಗಿಸಿ.

ಒಂದು ಪುಸ್ತಕ ಇಟ್ಟು ದಿನವೂ ಬರೆಯಿರಿ: ನೆಲ, ಗಾಳಿ, ಎಷ್ಟು ಹೆಜ್ಜೆ, ಎಷ್ಟು ಹೊತ್ತು ಕಾದಿರಿ, ಎಲ್ಲಿ ತಲೆ ಎತ್ತಿತು. ಮಿಂಚುವಿನ ಪುಸ್ತಕದ ಒಂದು ಪುಟ ಹೀಗಿದೆ: ‘ಕೆಳಗಿನ ಗದ್ದೆ. ಮಂಜು ಜಾಸ್ತಿ, ಗಾಳಿ ಇಲ್ಲ. 120 ಹೆಜ್ಜೆ, ಹತ್ತು ನಿಮಿಷ. ಎರಡನೇ ತಿರುವಲ್ಲಿ ತಲೆ ಎತ್ತಿದಳು, ತಾನೇ ಇಳಿಸಿದಳು. ನಾಳೆ ಆ ತಿರುವಿಗೆ ಆರು ಚೂರು.’