ನಾನು ಅಳಿಸಿದ ಎರಡು ಮೈನಸ್‌ಗಳು

ಸಾಗರದ ಕಡೆಯ ಒಂದು ಅಡಿಕೆ ವ್ಯಾಪಾರದ ಲೆಕ್ಕ ನನ್ನ ಕೈಗೆ ಬಂದಾಗ, ಅದರ ಜೊತೆ ಒಂದು ಹಳೆಯ ಎಕ್ಸೆಲ್ ಫೈಲೂ ಬಂತು. ಮೊದಲು ಲೆಕ್ಕ ನೋಡುತ್ತಿದ್ದ ಹಿರಿಯರು ನಿವೃತ್ತರಾಗಿದ್ದರು. ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಅಡಿಕೆಯ ಬಗೆಗಳು, ಅವುಗಳ ಮುಂದೆ ಸಾಲು ಸಾಲಾಗಿ ಚೀಲ, ತೂಕ, ದರ. ಕೊನೆಯ ಮೊತ್ತ ಸರಿಯಾಗಿಯೇ ಬರುತ್ತಿತ್ತು. ಒಳಗಿನ ಫಾರ್ಮುಲಾ ನೋಡಿದರೆ ಮಾತ್ರ ತಲೆಬುಡ ತಿಳಿಯಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಪ್ಲಸ್. ಬಹಳಷ್ಟು ಸೆಲ್‌ಗಳು =+ಇ5*ಎಫ್5 ಅಂತಲೇ ಶುರು. ಸಮ ಚಿಹ್ನೆ ಇದ್ದ ಮೇಲೆ ಪ್ಲಸ್ ಯಾಕೆ? ಆ ಹಿರಿಯರಿಗೇ ಫೋನ್ ಮಾಡಿ ಕೇಳಿದೆ. ಅವರು ಲೆಕ್ಕ ಕಲಿತದ್ದು ಲೋಟಸ್ 1-2-3ರಲ್ಲಂತೆ. 1983ರಲ್ಲಿ ಬಂದ ಆ ಸ್ಪ್ರೆಡ್‌ಶೀಟ್ ಪ್ರೋಗ್ರಾಮ್‌ನಲ್ಲಿ ಸೆಲ್ ಹೆಸರಿನಿಂದಲೇ ಶುರು ಮಾಡಿದರೆ ಅದನ್ನು ಬರೀ ಅಕ್ಷರ ಅಂದುಕೊಳ್ಳುತ್ತಿತ್ತು. ಅದಕ್ಕೇ ಮುಂದೆ ಪ್ಲಸ್. ಎಕ್ಸೆಲ್‌ನಲ್ಲೂ ಪ್ಲಸ್ ಒತ್ತಿ ಬರೆದರೆ ಅದೇ ಮುಂದೊಂದು ಸಮ ಚಿಹ್ನೆ ಸೇರಿಸಿಕೊಳ್ಳುತ್ತದೆ. ನಂಬರ್ ಕೀಗಳ ಪಕ್ಕದಲ್ಲೇ ದೊಡ್ಡ ಪ್ಲಸ್ ಇರುವಾಗ ಬೆರಳು ಬೇರೆಲ್ಲಿಗೆ ಹೋಗಬೇಕು, ಅಲ್ವಾ? ಆ ಪ್ಲಸ್‌ನಿಂದ ಲೆಕ್ಕಕ್ಕೆ ಏನೂ ತೊಂದರೆಯಿಲ್ಲ.

ಫೋನ್ ಮಾಡುವ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಒಂದು ಗೋದಾಮಿನ ರಾಶಿಯ ತೂಕ ಕೂಡಿಸುವ ಸೆಲ್ ಹೀಗಿತ್ತು: =ಸಮ್‌ಪ್ರಾಡಕ್ಟ್(--(ಬಿ5:ಬಿ900="ರಾಶಿ"),--(ಸಿ5:ಸಿ900=2),ಇ5:ಇ900). ಬಿ ಕಾಲಂ ಅಡಿಕೆಯ ಬಗೆ, ಸಿ ಗೋದಾಮಿನ ನಂಬರ್, ಇ ತೂಕ. ಆ ಜೋಡಿ ಮೈನಸ್ ಕೈತಪ್ಪಿ ಬಿದ್ದಿರಬೇಕು ಅಂದುಕೊಂಡು ಮೊದಲಿನ ಎರಡನ್ನು ಅಳಿಸಿ ಎಂಟರ್ ಒತ್ತಿದೆ. ಇಡೀ ಗೋದಾಮಿನ ರಾಶಿ ಸೊನ್ನೆ ಕಿಲೋ! ತಕ್ಷಣ ಕಂಟ್ರೋಲ್ ಝಡ್ ಒತ್ತಿದೆ. ಅವತ್ತಿನಿಂದ ಮೂಲ ಫೈಲ್ ಮುಟ್ಟುವುದನ್ನು ಬಿಟ್ಟು, ಕಾಪಿ ಮಾಡಿಕೊಂಡೇ ಕೆಲಸ ಶುರು ಮಾಡಿದೆ.

ಕಾಪಿಯಲ್ಲಿ 900ನ್ನು 16 ಮಾಡಿ ಸಾಲು ಕಡಿಮೆ ಮಾಡಿದೆ. ಫಾರ್ಮುಲಾ ಬಾರ್‌ನಲ್ಲಿ ಬಿ5:ಬಿ16="ರಾಶಿ" ಅನ್ನುವಷ್ಟನ್ನೇ ಸೆಲೆಕ್ಟ್ ಮಾಡಿ ಎಫ್9 ಒತ್ತಿದೆ. ಟ್ರೂ, ಫಾಲ್ಸ್, ಫಾಲ್ಸ್, ಟ್ರೂ ಅಂತ ಸಾಲು ಬಂತು. ಸಮ್‌ಪ್ರಾಡಕ್ಟ್ ಅಂದರೆ ಸಾಲು ಸಾಲಾಗಿ ಗುಣಿಸಿ ಕೂಡಿಸುವ ಫಾರ್ಮುಲಾ; ಇವುಗಳನ್ನು ಹಾಗೇ ಕೊಟ್ಟರೆ ಅದು ಎಲ್ಲವನ್ನೂ ಸೊನ್ನೆ ಅಂತಲೇ ಎಣಿಸುತ್ತದೆ. ಒಂದು ಮೈನಸ್ ಹಾಕಿದರೆ ಟ್ರೂ ಹೋಗಿ -1 ಆಗುತ್ತದೆ. ಇನ್ನೊಂದು ಹಾಕಿದರೆ 1. ಆಮೇಲೆ ಗುಣಿಸಿ ಕೂಡಿಸುವುದು ಸಲೀಸು. ನೋಡಿಯಾದ ಮೇಲೆ ಎಸ್ಕೇಪ್ ಒತ್ತಬೇಕು. ಎಂಟರ್ ಒತ್ತಿದರೆ ಆ ಟ್ರೂ ಫಾಲ್ಸ್‌ಗಳೇ ಫಾರ್ಮುಲಾದಲ್ಲಿ ಉಳಿದುಬಿಡುತ್ತವೆ.

ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ ಅನ್ನೇ ಸುಮ್ನೆ ಹಾಕಬಹುದಿತ್ತಲ್ಲ ಅನ್ನಿಸಿತು. ಅದು ಬಂದದ್ದೇ ಎಕ್ಸೆಲ್ 2007ರಲ್ಲಿ. ಈ ಫೈಲ್ ಅದಕ್ಕಿಂತ ಹಳೆಯದು. ಹಳೆಯ ಎಕ್ಸೆಲ್‌ನಂತೆ ಸಾಲುಗಳು 65,536ಕ್ಕೆ ಮುಗಿಯುತ್ತಿದ್ದವು. ಉತ್ತರದಲ್ಲಿ ಎರರ್ ಬಂದರೆ ಬೇರೇನು ತೋರಿಸಬೇಕು ಅಂತ ಹೇಳುವ, 2007ರಲ್ಲೇ ಬಂದ ಇಫ್‌ಎರರ್ ಇರಬೇಕಾದ ಕಡೆ ಇಫ್, ಈಸ್‌ಎರರ್ ಸೇರಿಸಿ ಪಟ್ಟಿಯಲ್ಲಿ ಹುಡುಕಿ ತರುವ ಒಂದೇ ವಿಲುಕಪ್ಪನ್ನು ಎರಡೆರಡು ಸಲ ಬರೆದದ್ದಕ್ಕೂ ಅದೇ ಕಾರಣ.

ನನಗೆ ತುಂಬ ಇಷ್ಟವಾದದ್ದು ನಿವ್ವಳ ತೂಕದ ಸೆಲ್: =ಇ12-ಡಿ12*1+ಎನ್("ಖಾಲಿ ಚೀಲ 1 ಕಿಲೋ"). ಅಕ್ಷರವಾಗಿ ಕೂತ ಅಂಕಿಯನ್ನು ಸಂಖ್ಯೆ ಮಾಡಲು 1ರಿಂದ ಗುಣಿಸುವ ರೂಢಿ ನನಗೆ ಗೊತ್ತಿತ್ತು. ಇದೂ ಅದೇ, ತೆಗೆದರೂ ನಡೆಯುತ್ತದೆ ಅಂದುಕೊಂಡಿದ್ದೆ. ಆದರೆ ಇಲ್ಲಿ ಆ 1 ಚೀಲದ ತೂಕ! ಡಿ ಕಾಲಂನಲ್ಲಿ ಇದ್ದದ್ದು ಚೀಲಗಳ ಎಣಿಕೆ. ಎನ್ ಒಳಗೆ ಅಕ್ಷರ ಹಾಕಿದರೆ ಉತ್ತರ ಸೊನ್ನೆ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ಮುಂದೆ ಬರುವವರಿಗೆ ಅಂತ ಅವರು ಫಾರ್ಮುಲಾದ ಒಳಗೇ ಚೀಟಿ ಇಟ್ಟಿದ್ದರು. ಅಂಥ ಚೀಟಿ ಹನ್ನೊಂದು ಸಿಕ್ಕವು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಿಜವಾದ ತಪ್ಪೂ ಒಂದು ಸಿಕ್ಕಿತು. ರೈತರ ಖಾತೆ ನಂಬರ್ ಹುಡುಕುವ ವಿಲುಕಪ್‌ನಲ್ಲಿ ನಾಲ್ಕನೆಯ ಭಾಗವೇ ಇರಲಿಲ್ಲ. ಅದನ್ನು ಬಿಟ್ಟರೆ ಎಕ್ಸೆಲ್ ಹತ್ತಿರದ್ದನ್ನು ಹುಡುಕುತ್ತದೆ, ಪಟ್ಟಿ ಏರಿಕೆ ಕ್ರಮದಲ್ಲೇ ಇರಬೇಕು. ಎಷ್ಟು ದಿನ ಅಂತ ನೋಡಿ ಬಡ್ಡಿ ದರ ಆರಿಸುವ ಕಡೆ ಅದೇ ಬೇಕು. ಖಾತೆ ನಂಬರಿಗೆ ಮಾತ್ರ ಬೇಡವೇ ಬೇಡ. ಹೊಸ ಹೆಸರುಗಳನ್ನು ಪಟ್ಟಿಯ ಕೊನೆಗೆ ಸೇರಿಸುತ್ತಾ ಹೋದದ್ದರಿಂದ ಕ್ರಮ ತಪ್ಪಿತ್ತು. ಇಬ್ಬರು ರೈತರ ಮುಂಗಡ ಬೇರೆಯವರ ಹೆಸರಿಗೆ ಹೋಗಿತ್ತು. ಅವರ ಹಣದ ವಿಷಯ, ಅದಕ್ಕೆ ಅವತ್ತೇ ಕೊನೆಗೆ ಫಾಲ್ಸ್ (ಸರಿಯಾಗಿ ಹೊಂದಿದ್ದನ್ನೇ ಹುಡುಕು ಅಂತ) ಸೇರಿಸಿ, ಖಾತೆ ಸರಿ ಮಾಡಿ, ಇಬ್ಬರನ್ನೂ ಕರೆದು ತೋರಿಸಿದೆ.

=+ಗಳು ಈಗಲೂ ಹಾಗೇ ಇವೆ. ಸಮ್‌ಪ್ರಾಡಕ್ಟ್ ಇದ್ದ ಕಡೆ ಮಾತ್ರ ಪಕ್ಕದ ಕಾಲಂನಲ್ಲಿ ಸಮ್‌ಇಫ್ಸ್ ಬರೆದು, ಎರಡನ್ನೂ ಎರಡು ತಿಂಗಳು ಒಟ್ಟಿಗೆ ಓಡಿಸಿದೆ. ವ್ಯತ್ಯಾಸ ಎಲ್ಲ ಸಾಲಿನಲ್ಲೂ ಸೊನ್ನೆ ಬಂದ ಮೇಲೇ ಹಳೆಯದನ್ನು ತೆಗೆದೆ.