ಕುದುರೆ, ಬೈಕು, ಕಾರು ಒಂದೇ ರಸ್ತೆಯಲ್ಲಿ: ಬೆದರಿಸದೆ, ಬೈದಾಡದೆ ಹೋಗುವುದು ಹೇಗೆ

ನಾನು ಕಾರು ಓಡಿಸುತ್ತೇನೆ, ಬೈಕ್ ಓಡಿಸುತ್ತೇನೆ, ಕುದುರೆ ಸವಾರಿಯನ್ನೂ ಮಾಡುತ್ತೇನೆ. ಕಾರಿನಲ್ಲಿ ಕೂತಾಗ ‘ಈ ಬೈಕಿನವರು ಎಲ್ಲಿಂದ ನುಗ್ಗಿ ಬರ್ತಾರೋ’ ಅನ್ನಿಸುತ್ತದೆ. ಬೈಕ್ ಹತ್ತಿದಾಗ ‘ಕಾರಿನವರಿಗೆ ಕಣ್ಣು ಕಾಣಲ್ವಾ’ ಅನ್ನಿಸುತ್ತದೆ. ಕುದುರೆ ಮೇಲಿದ್ದಾಗ ಹಿಂದಿನಿಂದ ಬರುವ ಪ್ರತಿ ಎಂಜಿನ್ ಸದ್ದಿಗೂ ಕೈ ತಾನಾಗಿ ಲಗಾಮನ್ನು ಬಿಗಿ ಹಿಡಿಯುತ್ತದೆ. ಮೂರೂ ಕಡೆಯಿಂದ ನೋಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಎದುರಿನವರು ಸೊಕ್ಕಿನಿಂದ ಮಾಡುತ್ತಿದ್ದಾರೆ ಅಂತ ನಮಗೆ ಕಾಣುವ ಎಷ್ಟೋ ಕೆಲಸಗಳನ್ನು ಅವರು ಬಿದ್ದು ಸಾಯದಿರಲಿ ಅಂತ ಮಾಡುತ್ತಿರುತ್ತಾರೆ. ಕುದುರೆಯವರು ಜೋಡಿಯಾಗಿ ರಸ್ತೆ ತುಂಬ ಹೋಗುವುದು, ಬೈಕಿನವರು ಲೇನಿನ ನಡುವಿನಲ್ಲಿ ಹೋಗುವುದು, ಕಾರಿನವರು ಇದ್ದಕ್ಕಿದ್ದಂತೆ ನಿಧಾನ ಮಾಡುವುದು, ಎಲ್ಲಕ್ಕೂ ಕಾರಣ ಇದೆ. ಆ ಕಾರಣ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಉಳಿದರ್ಧಕ್ಕೆ ಏನು ಮಾಡಬೇಕು ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಕುದುರೆ

ಕುದುರೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮೂರರಲ್ಲಿ ಬ್ರೇಕ್ ಇಲ್ಲದ್ದು, ಸ್ವಂತ ಬುದ್ಧಿ ಇರುವುದು ಅದೊಂದೇ.

ಕುದುರೆ ಹುಟ್ಟಿನಿಂದಲೇ ಹೆದರಿ ಓಡುವ ಪ್ರಾಣಿ. ಬೇಟೆಯಾಡುವ ಮೃಗಗಳಿಂದ ತಪ್ಪಿಸಿಕೊಂಡೇ ಅದರ ಕುಲ ಉಳಿದಿದೆ. ಹಾಗಾಗಿ ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುಮಾರು 350 ಡಿಗ್ರಿ, ಅಂದರೆ ಹತ್ತಿರಹತ್ತಿರ ಸುತ್ತಲೂ ಕಾಣುತ್ತದೆ. ಕಾಣದ ಜಾಗ ಎರಡೇ, ನೇರ ಬೆನ್ನ ಹಿಂದೆ ಮತ್ತು ಮೂತಿಯ ಮುಂದೆ ತೀರಾ ಹತ್ತಿರದಲ್ಲಿ. ಈಗ ಯೋಚಿಸಿ, ಬೈಕೋ ಕಾರೋ ಹಿಂದಿನಿಂದ ನೇರವಾಗಿ ಬಂದಾಗ ಅದಕ್ಕೆ ಸದ್ದು ಮಾತ್ರ ಕೇಳಿಸುತ್ತದೆ, ಏನು ಅಂತ ಕಾಣುವುದಿಲ್ಲ. ಏನೋ ಗುರುಗುಟ್ಟುತ್ತಾ ಬೆನ್ನಟ್ಟಿ ಬರುತ್ತಿದೆ ಅಂತಲೇ ಅದರ ಲೆಕ್ಕ.

ಸವಾರಿಯ ಕುದುರೆ ಸುಮಾರು 500 ಕಿಲೋ ತೂಗುತ್ತದೆ. ಅದು ಬೆದರಿದರೆ ಮುಂದಕ್ಕೇ ಓಡಬೇಕು ಅಂತಿಲ್ಲ. ಜಾಸ್ತಿ ಸಲ ಪಕ್ಕಕ್ಕೆ ಹಾರುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಗೊರಸಿಗೆ ಕಬ್ಬಿಣದ ಲಾಳ ಇರುತ್ತದೆ, ಕೆಳಗೆ ನುಣ್ಣನೆಯ ಡಾಂಬರು. ಜಾರುವುದಕ್ಕೆ ಇನ್ನೇನು ಬೇಕು?

ಹಿಂದಿನಿಂದ ಬರುವವರು ಕುದುರೆಯ ಕಿವಿ ನೋಡುವುದನ್ನು ಕಲಿಯಬೇಕು. ಎರಡು ಕಿವಿಯೂ ಬೇರೆಬೇರೆಯಾಗಿ ತಿರುಗುತ್ತವೆ. ಒಂದು ಕಿವಿ ನಿಮ್ಮ ಕಡೆ ಹಿಂದಕ್ಕೆ ತಿರುಗಿ, ತಲೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ನೀವು ಬಂದಿದ್ದು ಅದಕ್ಕೆ ಗೊತ್ತಾಗಿದೆ, ಸದ್ಯಕ್ಕೆ ತೊಂದರೆ ಇಲ್ಲ. ತಲೆ ಮೇಲೆತ್ತಿ, ಎರಡೂ ಕಿವಿ ಒಂದೇ ಕಡೆಗೆ ನಿಮಿರಿಸಿ, ಹೆಜ್ಜೆ ಚಿಕ್ಕದಾಗಿದ್ದರೆ ಹಿಂದೆಯೇ ನಿಲ್ಲಿ. ಅದು ಏನನ್ನೋ ಕಂಡು ಹೆದರಿದೆ. ಬಹಳ ಜನ ಎಡವುವುದು ಇಲ್ಲೇ. ಕುದುರೆ ಹೆದರಿರುವುದು ನಿಮ್ಮ ಗಾಡಿಗೇ ಆಗಿರಬೇಕಿಲ್ಲ. ರಸ್ತೆ ಪಕ್ಕದ ಏನಕ್ಕೋ ಹೆದರಿ, ಅದರಿಂದ ದೂರ ಹಾರುವ ಭರದಲ್ಲಿ ನಿಮ್ಮ ಗಾಡಿಯ ಮೇಲೇ ಬಂದು ಬೀಳಬಹುದು.

ಒಮ್ಮೆ ನನಗೇ ಹೀಗಾಯಿತು. ವಯಸ್ಸಾದ, ದೊಡ್ಡ ಲಾರಿ ಪಕ್ಕದಲ್ಲಿ ಹೋದರೂ ಕಿವಿ ಆಡಿಸದ ಹೆಣ್ಣು ಕುದುರೆ. ಬೇಲಿಗೆ ಸಿಕ್ಕಿಕೊಂಡಿದ್ದ ಬಿಳಿ ಪ್ಲಾಸ್ಟಿಕ್ ಹಾಳೆಯೊಂದು ಗಾಳಿಗೆ ಪಟಪಟ ಅಂದಿತು. ಅದರ ಬೆನ್ನು ನನ್ನ ಕೆಳಗೆ ಕಲ್ಲಿನಂತೆ ಬಿಗಿಯಾಗಿದ್ದು ಗೊತ್ತಾಯಿತು. ಮರುಕ್ಷಣ ನಾವಿಬ್ಬರೂ ನಡುರಸ್ತೆಯಲ್ಲಿದ್ದೆವು. ಹಿಂದೆ ಒಂದು ಕಾರಿತ್ತು. ಅದರಲ್ಲಿದ್ದವರು ಆಗಲೇ ಮೂರು ಕಾರು ನಿಲ್ಲುವಷ್ಟು ಜಾಗ ಬಿಟ್ಟು ನಿಧಾನವಾಗಿ ಬರುತ್ತಿದ್ದರು. ಅಷ್ಟು ಜಾಗ ಇದ್ದದ್ದಕ್ಕೆ ನಾನಿವತ್ತು ಇದನ್ನು ಬರೆಯುತ್ತಿದ್ದೇನೆ.

ಕಾರಿನಲ್ಲಿದ್ದರೆ

ಕುದುರೆ ಕಂಡ ಕೂಡಲೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ. ಹತ್ತಿರ ಹೋಗಿ ಗಕ್ಕನೆ ಬ್ರೇಕ್ ಹಾಕಬೇಡಿ, ಟೈರಿನ ಕಿರುಚಾಟವೇ ಸಾಕು ಅದನ್ನು ಬೆದರಿಸಲು. ಹಾರ್ನ್ ಬೇಡವೇ ಬೇಡ. ‘ನಾನಿದ್ದೇನೆ’ ಅಂತ ಒಳ್ಳೆ ಮನಸ್ಸಿನಿಂದಲೇ ಮೆಲ್ಲಗೆ ಒತ್ತುವವರೂ ಇದ್ದಾರೆ, ಅದೂ ಬೇಡ. ಸವಾರರಿಗೆ ನಿಮ್ಮ ಗಾಡಿಯ ಸದ್ದು ಕೇಳಿಸಿರುತ್ತದೆ.

ಎಷ್ಟು ನಿಧಾನ, ಎಷ್ಟು ದೂರ ಅನ್ನುವುದಕ್ಕೆ ಒಂದು ಒಳ್ಳೆ ಅಳತೆ ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್‌ನಲ್ಲಿದೆ. 2022ರ ಜನವರಿಯಲ್ಲಿ ತಿದ್ದಿದ ಆ ನಿಯಮದ ಪ್ರಕಾರ ಕುದುರೆಯನ್ನು ದಾಟುವಾಗ ವೇಗ ಗಂಟೆಗೆ 10 ಮೈಲಿಗಿಂತ, ಅಂದರೆ ಸುಮಾರು 16 ಕಿಲೋಮೀಟರಿಗಿಂತ ಕಡಿಮೆ ಇರಬೇಕು, ನಡುವೆ ಕನಿಷ್ಠ 2 ಮೀಟರ್ ಜಾಗ ಇರಬೇಕು. ನೀವಿರುವ ಕಡೆ ಕಾನೂನು ಏನೇ ಇರಲಿ, ಈ ಅಳತೆ ಇಟ್ಟುಕೊಳ್ಳಿ. 2 ಮೀಟರ್ ಅಂದರೆ ಎತ್ತರದ ಮನುಷ್ಯನೊಬ್ಬ ಅಡ್ಡ ಮಲಗಿದಷ್ಟು. ಅಷ್ಟು ಜಾಗ ಬಿಡಲು ಎದುರಿನ ಲೇನ್ ಖಾಲಿ ಇರಬೇಕಾಗುತ್ತದೆ. ಖಾಲಿ ಇಲ್ಲದಿದ್ದರೆ ಕಾಯಿರಿ. ಒಂದೆರಡು ನಿಮಿಷ ಹೋಗುತ್ತದೆ ಅಷ್ಟೇ.

ದಾಟಿದ ಕೂಡಲೇ ಭರ್ರನೆ ಎಳೆಯಬೇಡಿ. ಕುದುರೆಯ ಮುಂದೆ ಹೋದಮೇಲೂ ಸ್ವಲ್ಪ ದೂರ ಅದೇ ವೇಗದಲ್ಲಿ ಹೋಗಿ. ಸಾಯಂಕಾಲವಾದರೆ ಹೈಬೀಮ್ ಇಳಿಸಿ. ಮಳೆಗಾಲದಲ್ಲಿ ಗುಂಡಿಯ ನೀರು ಅದರ ಕಾಲಿಗೆ ಎರಚದಂತೆ ನೋಡಿಕೊಳ್ಳಿ. ಒಳಗಿರುವ ನಾಯಿ ಕಿಟಕಿಯಿಂದ ತಲೆ ಹಾಕಿ ಬೊಗಳುತ್ತಿದ್ದರೆ ಗಾಜು ಏರಿಸಿ. ಬ್ಯಾಟರಿ ಗಾಡಿಯವರಿಗೆ ಇನ್ನೊಂದು ಮಾತು: ಸದ್ದೇ ಇಲ್ಲದೆ ಪಕ್ಕದಲ್ಲಿ ಪ್ರತ್ಯಕ್ಷವಾಗುವುದು ಕೂಡ ಕುದುರೆಯನ್ನು ಬೆಚ್ಚಿಬೀಳಿಸುತ್ತದೆ, ನಿಮಗೆ ಇನ್ನೂ ಜಾಸ್ತಿ ಅಂತರ ಬೇಕು.

ಇಬ್ಬರು ಸವಾರರು ಜೋಡಿಯಾಗಿ ಹೋಗುತ್ತಿದ್ದರೆ ಹರಟೆ ಹೊಡೆಯುತ್ತಿದ್ದಾರೆ ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಒಳಗಡೆ, ಅಂದರೆ ರಸ್ತೆಯ ಅಂಚಿಗೆ ಇರುವುದು ಎಳೆಯ ಕುದುರೆ ಇಲ್ಲವೇ ಹೊಸ ಸವಾರ. ಹೊರಗಡೆ ಇರುವುದು ಪಳಗಿದ ಕುದುರೆ. ಅದನ್ನು ಗೋಡೆಯ ಹಾಗೆ ಬಳಸುತ್ತಿರುತ್ತಾರೆ. ಸವಾರರು ಕೈ ಚಾಚಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡಿ ಅಂತ ಅರ್ಥ. ಅಂಗೈ ನಿಮಗೆ ತೋರಿಸಿ ಕೈ ಎತ್ತಿದರೆ ನಿಲ್ಲಿ.

ಬೈಕ್ ಮೇಲಿದ್ದರೆ

ಬೈಕಿನವರಿಗೆ ‘ನಮ್ಮದು ಚಿಕ್ಕ ಗಾಡಿ, ಪಕ್ಕದಲ್ಲಿ ಆರಾಮಾಗಿ ಹೋಗಬಹುದು’ ಅನ್ನಿಸುತ್ತದೆ. ಕುದುರೆಯ ಕಿವಿಗೆ ಗಾಡಿಯ ಅಳತೆ ಗೊತ್ತಿಲ್ಲ, ಸೈಲೆನ್ಸರ್ ಸದ್ದು ಮಾತ್ರ ಗೊತ್ತು. ದೂರದಿಂದಲೇ ವೇಗ ಇಳಿಸಿ. ಆದರೆ ಒಂದೊಂದೇ ಗೇರ್ ಇಳಿಸುತ್ತಾ ಎಂಜಿನ್ನನ್ನು ಅರಚಿಸಬೇಡಿ, ಕ್ಲಚ್ ಹಿಡಿದು ರೇಸ್ ಮಾಡಬೇಡಿ. ಒಂದೇ ಸಮನಾದ ತಗ್ಗಿದ ಸದ್ದಿಗೆ ಕುದುರೆ ಹೊಂದಿಕೊಳ್ಳುತ್ತದೆ. ಏರುವ ಇಳಿಯುವ ಸದ್ದಿಗೆ ಬೆದರುತ್ತದೆ. ಕುದುರೆ ತೀರಾ ಕುಣಿಯುತ್ತಿದ್ದರೆ ದೂರದಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಸವಾರರತ್ತ ನೋಡಿ, ಅವರು ತಲೆ ಆಡಿಸಿದ ಮೇಲೆ ಮಾಡಿ. ಪಕ್ಕಕ್ಕೇ ಬಂದು ಸ್ಟಾರ್ಟ್ ಮಾಡಿದರೆ ಅಷ್ಟೊತ್ತು ಕಾದಿದ್ದೂ ದಂಡ.

ಇನ್ನೊಂದು ಸುಲಭದ ಉಪಾಯ ಇದೆ, ಮಾತಾಡಿ. ಹೆಲ್ಮೆಟ್, ಕಪ್ಪು ಗಾಜು, ದಪ್ಪ ಜಾಕೆಟ್ ಹಾಕಿಕೊಂಡವರು ಕುದುರೆಯ ಕಣ್ಣಿಗೆ ಮನುಷ್ಯರ ಹಾಗೆ ಕಾಣುವುದಿಲ್ಲ. ಗಾಜು ಮೇಲೆತ್ತಿ ಸಾಧಾರಣ ದನಿಯಲ್ಲಿ ‘ನಮಸ್ಕಾರ, ಮುಂದೆ ಹೋಗಬಹುದಾ?’ ಅಂತ ಕೇಳಿ. ಮನುಷ್ಯನ ದನಿ ಅದಕ್ಕೆ ದಿನಾ ಕೇಳಿ ಪರಿಚಯ. ಹೀಗೆ ಕೇಳಿದ ಕೂಡಲೇ ಕುದುರೆಯ ಕುತ್ತಿಗೆ ಇಳಿದು, ಉಸಿರು ‘ಫುರ್’ ಅಂತ ಹೊರಬಿಟ್ಟು, ಹೆಜ್ಜೆ ಸಡಿಲವಾಗಿದ್ದನ್ನು ನಾನು ಜೀನಿನ ಮೇಲೆ ಕೂತು ಎಷ್ಟೋ ಸಲ ಅನುಭವಿಸಿದ್ದೇನೆ.

ಗುಂಪಾಗಿ ಹೋಗುವಾಗ ಮುಂದಿನವರು ಕೈ ಸನ್ನೆ ಮಾಡಿ ಎಲ್ಲರನ್ನೂ ನಿಧಾನಿಸಬೇಕು. ಮೊದಲ ಇಬ್ಬರು ಮೆಲ್ಲಗೆ ದಾಟಿ, ಹಿಂದುಳಿದವರು ಅವರನ್ನು ಹಿಡಿಯಲು ಜೋರಾಗಿ ಬಂದರೆ ಏನೂ ಪ್ರಯೋಜನ ಇಲ್ಲ. ದಾಟಿದವರು ಮುಂದೆ ಕಾಯುತ್ತೇವೆ ಅಂತ ಹೊರಡುವ ಮೊದಲೇ ಮಾತಾಡಿಕೊಂಡಿದ್ದರೆ ಹಿಂದಿನವರಿಗೆ ಅವಸರ ಇರುವುದಿಲ್ಲ. ತಿರುವಿನಲ್ಲಿ ಲದ್ದಿ ಬಿದ್ದಿರಬಹುದು ಅನ್ನುವುದೂ ನೆನಪಿರಲಿ. ಹಸಿ ಲದ್ದಿ ಮೇಲೆ ಬೈಕ್ ಜಾರುತ್ತದೆ. ಲದ್ದಿ ಹಸಿಯಾಗಿದ್ದರೆ ಕುದುರೆಯೂ ಮುಂದಿನ ತಿರುವಿನಲ್ಲೇ ಇದೆ ಅಂತ ತಿಳಿಯಿರಿ.

ಕುದುರೆ ಮೇಲಿದ್ದರೆ

ರಸ್ತೆಗೆ ಇಳಿಯುವ ಮೊದಲು ಕುದುರೆಗೆ ಗಾಡಿಗಳ ಅಭ್ಯಾಸ ಮಾಡಿಸುವುದು ನಮ್ಮ ಕೆಲಸ, ಬೇರೆಯವರದ್ದಲ್ಲ. ಬೇಲಿಯೊಳಗೆ, ನಿಂತ ಕಾರಿನ ಪಕ್ಕ ಓಡಾಡಿಸಿ, ಆಮೇಲೆ ಎಂಜಿನ್ ಚಾಲೂ ಇರುವ ಕಾರು, ಆಮೇಲೆ ಮೆಲ್ಲಗೆ ಹೋಗುವ ಬೈಕ್. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ಸಲ ರಸ್ತೆಗೆ ಹೋಗುವಾಗ ಪಳಗಿದ ಕುದುರೆಯೊಂದು ಜೊತೆಗಿರಲಿ.

ಹೊಳೆಯುವ ಬಣ್ಣದ ಅಂಗಿ ಹಗಲಲ್ಲೂ ಹಾಕಿ. ಮರದ ನೆರಳಿನಲ್ಲಿ ಕಂದು ಕುದುರೆ, ಕಪ್ಪು ಅಂಗಿಯ ಸವಾರ ಡ್ರೈವರಿಗೆ ಕಾಣುವುದೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ನೀವು ಎರಡು ಸೆಕೆಂಡ್ ಮೊದಲು ಕಂಡರೆ ಅವರಿಗೆ 34 ಮೀಟರ್ ಸಿಕ್ಕಿದ ಹಾಗೆ. ಮಂಜು, ಮುಸ್ಸಂಜೆಯಲ್ಲಿ ರಸ್ತೆ ಬೇಡ. ಅನಿವಾರ್ಯವಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಟ್ಟಿಕೊಳ್ಳಿ. ಕಿವಿಗೆ ಇಯರ್‌ಫೋನ್ ಬೇಡ.

ಹಿಂದೆ ಗಾಡಿಗಳ ಸಾಲು ಬೆಳೆಯುತ್ತಿದ್ದರೆ ಪಕ್ಕದಲ್ಲಿ ಜಾಗ ಸಿಕ್ಕ ಕಡೆ ನಿಂತು ಬಿಟ್ಟುಕೊಡಿ. ಇದು ಸೋಲಲ್ಲ. ಹತ್ತು ಗಾಡಿಯವರ ಸಿಟ್ಟು ಬೆನ್ನಿಗೆ ಕಟ್ಟಿಕೊಂಡು ಹೋಗುವುದಕ್ಕಿಂತ ಅರ್ಧ ನಿಮಿಷ ನಿಲ್ಲುವುದು ಕುದುರೆಗೂ ಒಳ್ಳೆಯದು. ಕಾದವರಿಗೆ ಕೃತಜ್ಞತೆ ತೋರಿಸಿ. ಲಗಾಮಿನಿಂದ ಕೈ ತೆಗೆಯಲು ಆಗದಿದ್ದರೆ ತಲೆ ಆಡಿಸಿ, ಒಂದು ನಗು ಬೀರಿ. ಇವತ್ತು ಕಾದವರು ನಾಳೆಯೂ ಕಾಯಬೇಕಲ್ವಾ?

ಕಾರು, ಬೈಕುಗಳ ನಡುವೆ

ಕುದುರೆ ಇಲ್ಲದ ರಸ್ತೆಯಲ್ಲಿ ಇವರಿಬ್ಬರ ಜಗಳ ಹಳೆಯದು. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಭಾಗದಲ್ಲಿ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟಿತು. ಬೈಕಿಗೂ ಇನ್ನೊಂದು ಗಾಡಿಗೂ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ಗಾಡಿಯವರು ಬೈಕಿಗೆ ದಾರಿ ಬಿಡಬೇಕಾದಲ್ಲಿ ಬಿಟ್ಟಿರಲಿಲ್ಲ. ಬೈಕ್ ಕಾಣಲೇ ಇಲ್ಲ ಅನ್ನುವುದು ದೊಡ್ಡ ಕಾರಣವಾಗಿತ್ತು. ಇದು ಸುಳ್ಳು ನೆಪ ಅಲ್ಲ. ಎದುರಿನಿಂದ ಬರುವ ಬೈಕ್ ಕಣ್ಣಿಗೆ ಒಂದು ಸಣ್ಣ ಚುಕ್ಕೆ. ಚಿಕ್ಕದು ಅಂದರೆ ದೂರದ್ದು, ನಿಧಾನದ್ದು ಅಂತ ಮಿದುಳು ತಪ್ಪು ಲೆಕ್ಕ ಹಾಕುತ್ತದೆ. ಮುಂಗಾಜಿನ ಪಕ್ಕದ ಕಂಬದ ಹಿಂದೆ ಇಡೀ ಬೈಕೇ ಮರೆಯಾಗುತ್ತದೆ.

ಹಾಗಾಗಿ ಕಾರಿನವರು ತಿರುಗುವ ಮೊದಲು ಒಂದು ಸಲ ಅಲ್ಲ, ಎರಡು ಸಲ ನೋಡಿ. ಎರಡನೇ ಸಲ ತಲೆಯನ್ನು ಸ್ವಲ್ಪ ಮುಂದೆ ಬಾಗಿಸಿ ಆ ಕಂಬದ ಆಚೆ ನೋಡಿ. ನಿಂತ ಕಾರಿನ ಬಾಗಿಲನ್ನು ದೂರದ ಕೈಯಿಂದ ತೆರೆಯಿರಿ, ಮೈ ತಾನಾಗಿ ತಿರುಗಿ ಹಿಂದೆ ಬರುವ ಬೈಕ್ ಕಾಣುತ್ತದೆ. ಬೈಕಿನವರು ಲೇನಿನ ನಡುವೆ ಹೋಗುತ್ತಿದ್ದರೆ ಅಂಚಿನ ಜಲ್ಲಿ, ಗುಂಡಿ, ಬಾಗಿಲು ತಪ್ಪಿಸುತ್ತಿರುತ್ತಾರೆ, ನಿಮ್ಮನ್ನು ಅಡ್ಡಗಟ್ಟುತ್ತಿಲ್ಲ.

ಬೈಕಿನವರು ಕಾರಿನ ಹಿಂಬದಿಯ ಮೂಲೆಯಲ್ಲಿ ಅಂಟಿಕೊಂಡು ಹೋಗಬೇಡಿ. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. ಎಂಜಿನ್ನಿನ ಹಿಡಿತದಿಂದಲೇ ವೇಗ ಇಳಿಸುವಾಗ ಬ್ರೇಕ್ ದೀಪ ಹತ್ತುವುದಿಲ್ಲ, ಲಿವರನ್ನು ಮೆಲ್ಲಗೆ ಒತ್ತಿ ಹಿಂದಿನವರಿಗೆ ತಿಳಿಸಿ. ಇನ್ನೂ ಮುಖ್ಯವಾದದ್ದು, ಮುಂದಿನ ಕಾರು ಕಾರಣವಿಲ್ಲದೆ ನಿಧಾನವಾಯಿತು ಅನ್ನಿಸಿದ ಕೂಡಲೇ ಓವರ್‌ಟೇಕ್ ಮಾಡಬೇಡಿ. ಅದರ ಮುಂದೆ ಕುದುರೆ ಇರಬಹುದು.

ಯಾರಾದರೂ ತಪ್ಪು ಮಾಡಿದಾಗ

ಕುದುರೆ ಪಕ್ಕದಲ್ಲಿ ನಿಂತು ಕೂಗಾಡಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಸರಿ, ಆ ಕೂಗಿನ ಪೆಟ್ಟು ಬೀಳುವುದು ಸವಾರರಿಗೆ. ಗಾಡಿ ನಂಬರ್ ಬರೆದುಕೊಳ್ಳಿ, ಕ್ಯಾಮೆರಾ ಇದ್ದರೆ ದೃಶ್ಯ ಉಳಿಸಿ, ಪೊಲೀಸರಿಗೆ ಕೊಡಿ. ಅಟ್ಟಿಸಿಕೊಂಡು ಹೋಗಿ ಬುದ್ಧಿ ಹೇಳಲು ಹೊರಟರೆ ಇನ್ನೊಂದು ಅಪಘಾತಕ್ಕೆ ದಾರಿ.

ಸವಾರರು ಬಿದ್ದು ಕುದುರೆ ಬರಿ ಬೆನ್ನಿನಲ್ಲಿ ಓಡಿ ಬರುತ್ತಿದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಹಿಂದಿನವರಿಗೆ ಕೈ ತೋರಿಸಿ ನಿಲ್ಲಿಸಿ. ಕುದುರೆಯ ಹಿಂದೆ ಓಡಬೇಡಿ, ಗಾಡಿಯಲ್ಲಂತೂ ಬೆನ್ನಟ್ಟಲೇಬೇಡಿ, ಅದು ಇನ್ನೂ ಜೋರಾಗಿ ಓಡುತ್ತದೆ. ಮೊದಲು ಬಿದ್ದವರ ಹತ್ತಿರ ಹೋಗಿ. ಅವರು ಏಳಲು ಒದ್ದಾಡಿದರೂ ಏಳಿಸಬೇಡಿ, ಹೆಲ್ಮೆಟ್ ಎಳೆಯಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ, ಪಕ್ಕದಲ್ಲೇ ಕೂತು ಮಾತಾಡಿಸುತ್ತಿರಿ. ಇನ್ನೊಬ್ಬರಿದ್ದರೆ ಕುದುರೆಯತ್ತ ನಡೆದು ಹೋಗಲಿ, ನೇರ ಎದುರಿನಿಂದಲ್ಲ, ಹಿಂದಿನಿಂದಲೂ ಅಲ್ಲ, ಭುಜದ ಪಕ್ಕದಿಂದ, ಕೈ ಕೆಳಗಿಟ್ಟು, ಮೆತ್ತಗೆ ಮಾತಾಡುತ್ತಾ. ಓಡಿ ಸುಸ್ತಾದ ಕುದುರೆ ರಸ್ತೆ ಪಕ್ಕದ ಹುಲ್ಲಿಗೆ ಬಾಯಿ ಹಾಕಿದರೆ ಅರ್ಧ ಗೆದ್ದ ಹಾಗೆ. ಲಗಾಮು ಸಿಕ್ಕಿದರೆ ಅದನ್ನು ಕೈಗೆ ಸುತ್ತಿಕೊಳ್ಳದೆ ಸುಮ್ನೆ ಹಿಡಿದು ನಿಲ್ಲಿ, ಬರುವವರು ಬರುವ ತನಕ ಅದು ಹುಲ್ಲು ಮೇಯಲಿ.